ಸೆಲ್ಮಾ, ಮಾಂಟ್ಗೊಮೆರಿ, ಬರ್ಮಿಂಗ್‌ಹ್ಯಾಮ್: ಎರಡೇ ದಿನವಿದ್ದರೆ ಯಾವುದು?

ಅಮೆರಿಕದ ಅಲಬಾಮಾ ರಾಜ್ಯದಲ್ಲಿ ಕಪ್ಪು ಜನರ ನಾಗರಿಕ ಹಕ್ಕುಗಳ ಹೋರಾಟದ ಯಾವ ಊರನ್ನು ನೋಡಲಿ ಎಂದು ಕೇಳಿದ್ದೀಯ. ವಿದ್ಯಾರ್ಥಿಯಾಗಿದ್ದಾಗಲೇ ನಾನು ಮೂರನ್ನೂ ನೋಡಿ ಬಂದೆ.

ಖರ್ಚಿನ ಮಾತು ಬೇಗ ಮುಗಿಯುತ್ತದೆ. ಸೆಲ್ಮಾದ ಎಡ್ಮಂಡ್ ಪೆಟಸ್ ಸೇತುವೆಗೂ ಬರ್ಮಿಂಗ್‌ಹ್ಯಾಮ್‌ನ ಕೆಲ್ಲಿ ಇಂಗ್ರಮ್ ಉದ್ಯಾನಕ್ಕೂ ಟಿಕೆಟ್ ಇಲ್ಲ. ಮಾಂಟ್ಗೊಮೆರಿಯಲ್ಲಿರುವ, ಗುಂಪುಹತ್ಯೆಗೆ ಬಲಿಯಾದವರ ಸ್ಮಾರಕಕ್ಕೆ ಇದೆ.

ಓಡಾಟಕ್ಕೆ ಬರ್ಮಿಂಗ್‌ಹ್ಯಾಮ್ ಸಲೀಸು. 1963ರಲ್ಲಿ ಬಾಂಬಿಗೆ ನಾಲ್ವರು ಹುಡುಗಿಯರು ಬಲಿಯಾದ ಚರ್ಚ್, ಉದ್ಯಾನ, ವಸ್ತುಸಂಗ್ರಹಾಲಯ ಎಲ್ಲವೂ ಅಕ್ಕಪಕ್ಕದಲ್ಲಿವೆ. ಈ ಚರಿತ್ರೆಯನ್ನು ಹೆಚ್ಚು ಓದಿಕೊಂಡಿರದಿದ್ದರೆ ಅಲ್ಲಿಂದಲೇ ಶುರುಮಾಡು.

ಮನಸ್ಸನ್ನು ಹಿಂಡಿದ್ದು ಮಾಂಟ್ಗೊಮೆರಿ. 2018ರಲ್ಲಿ ತೆರೆದ ಸ್ಮಾರಕದಲ್ಲಿ 800ಕ್ಕೂ ಹೆಚ್ಚು ಉಕ್ಕಿನ ಕಂಬಗಳಿವೆ. ಗುಂಪುಗಳು ಕೊಂದ ಕಪ್ಪು ಜನರ ಹೆಸರುಗಳು ಅವುಗಳ ಮೇಲಿವೆ. ಮೊದಲು ಕಣ್ಣಿನ ಮಟ್ಟದಲ್ಲಿರುವ ಕಂಬಗಳು, ನೆಲ ಇಳಿಜಾರಾದಂತೆ ತಲೆಯ ಮೇಲೆ ತೂಗುತ್ತವೆ. ಕೆಲವೆಡೆ ಹೆಸರಿನ ಬದಲು ‘ಅಪರಿಚಿತ’ ಎಂದಷ್ಟೇ ಇದೆ. ಅದನ್ನು ಕತ್ತೆತ್ತಿ ಓದಿದ ಮೇಲೆ ನನಗೆ ಬಹಳ ಹೊತ್ತು ಮಾತು ಹೊರಡಲಿಲ್ಲ. ಒಬ್ಬಳೇ, ಬಿಡುವಾಗಿ ಹೋಗುವುದಾದರೆ ಇದನ್ನೇ ಆರಿಸಿಕೋ.

ಸೆಲ್ಮಾದಲ್ಲಿ ನೋಡುವುದು ಕಡಿಮೆ, ಕಾರು ಬೇಕು. ಆದರೆ ಮತದಾನದ ಹಕ್ಕಿಗಾಗಿ ಮೆರವಣಿಗೆ ಹೊರಟವರನ್ನು 1965ರ ಮಾರ್ಚ್ 7ರಂದು ಪೊಲೀಸರು ಥಳಿಸಿದ ಸೇತುವೆಯನ್ನು ನಿನ್ನ ಕಾಲುಗಳಿಂದಲೇ ದಾಟಬೇಕೆನಿಸಿದರೆ ಅದಕ್ಕೆ ಬದಲಿ ಇಲ್ಲ. ಮಾಂಟ್ಗೊಮೆರಿಯಿಂದ ಅದು ಸುಮಾರು 80 ಕಿ.ಮೀ.; ಬೆಳಗ್ಗೆ ಹೊರಟರೆ ಸಂಜೆಯೊಳಗೆ ಮರಳಬಹುದು.