ಸುತ್ತಿನ ಉದ್ದ ಮತ್ತು ಶೇಷ: ಬಿಎಫ್‌ಎಸ್ ಸಾಕಾ, ಮ.ಸಾ.ಅ. ಬೇಕಾ?

ದಿಕ್ಕು, ತೂಕ ಎರಡೂ ಇರುವ ಗ್ರಾಫ್: ನೋಡ್ ಎಂಬ ಬಿಂದುಗಳು, ಅವನ್ನು ಜೋಡಿಸುವ ಅಂಚುಗಳು. ಅಂಚಿನ ತೂಕವೇ ಅದರ ಉದ್ದ. ಒಂದು ನೋಡ್‌ನಿಂದ ಹೊರಟು ಅಲ್ಲಿಗೇ ಮರಳಬೇಕು. ನಡೆದ ಉದ್ದವನ್ನು ಟಿ ಇಂದ ಭಾಗಿಸಿದರೆ ಶೇಷ ಆರ್ ಬರಬೇಕು. ನೋಡ್, ಅಂಚು ಮತ್ತೆ ಬಳಸಬಹುದು. ಇಂಥ ಸುತ್ತು ಸಾಧ್ಯವಾ?

ಮೊದಲ ದಾರಿ, (ನೋಡ್, ಶೇಷ) ಜೋಡಿಗಳ ಮೇಲೆ ಬಿಎಫ್‌ಎಸ್, ಅಂದರೆ ಹತ್ತಿರದವನ್ನು ಮೊದಲು ನೋಡುತ್ತಾ ಹಂತ ಹಂತವಾಗಿ ಹುಡುಕುವುದು. ಬರೆಯೋದು ಸುಲಭ. ಟಿ 100 ಇದ್ದರೆ ಕಣ್ಣು ಮುಚ್ಚಿ ಇದನ್ನೇ ಆರಿಸಿ. ಅತಿ ಕಡಿಮೆ ಅಂಚುಗಳ ದಾರಿಯೂ ಸಿಗುತ್ತದೆ. ಆದರೆ ಟಿ 100 ಕೋಟಿ ಆದರೆ? ಮೆಮೊರಿಯೇ ಸಾಲದು.

ಎರಡನೆಯದು ಮ.ಸಾ.ಅ. (ಮಹತ್ತಮ ಸಾಮಾನ್ಯ ಅಪವರ್ತನ). ಪರಸ್ಪರ ತಲುಪಬಹುದಾದ ನೋಡ್‌ಗಳ ಗುಂಪುಗಳನ್ನು ಟಾರ್ಜನ್ ವಿಧಾನದಿಂದ ಹುಡುಕಿ. ಪ್ರತಿ ಗುಂಪಿನಲ್ಲೂ ಡಿಎಫ್‌ಎಸ್ (ಒಂದೇ ದಾರಿಯಲ್ಲಿ ಕೊನೆತನಕ ಹೋಗಿ ಹಿಂದಿರುಗುವ ಹುಡುಕಾಟ) ಮಾಡಿ, ಬೇರಿನಿಂದ, ಅಂದರೆ ಅದು ಶುರುವಾದ ನೋಡ್‌ನಿಂದ, ಬಂದ ದೂರ ಬರೆದಿಡಿ. ಗುಂಪಿನೊಳಗಿನ ಪ್ರತಿ ಅಂಚಿಗೂ ‘ಆರಂಭದ ದೂರ + ತೂಕ − ಕೊನೆಯ ದೂರ’ ಲೆಕ್ಕಹಾಕಿ. ಒಂದು ಗುಂಪಿನ ಇವೆಲ್ಲದರ ಮ.ಸಾ.ಅ. ಆ ಗುಂಪಿನ ಜಿ ಆಗಲಿ. ಹೊರಟ ನೋಡ್ ಇರುವ ಗುಂಪಿನ ಜಿ ಮತ್ತು ಟಿ ಇವುಗಳ ಮ.ಸಾ.ಅ. ಆರ್ ಅನ್ನು ಶೇಷವಿಲ್ಲದೆ ಭಾಗಿಸಿದರೆ ಉತ್ತರ ‘ಹೌದು’.

ಇದು ಮ್ಯಾಜಿಕ್ ಅಲ್ಲ. ಒಂದೇ ಸುತ್ತನ್ನು ಟಿ ಸಲ ಹೊಡೆದರೆ ಶೇಷ 0. ಅಂದರೆ ಟಿ−1 ಸಲ ಸುತ್ತಿದರೆ ಒಂದು ಸುತ್ತನ್ನು ಕಳೆದಂತೆ. ಕೂಡಿಸಲೂ ಕಳೆಯಲೂ ಬಂದ ಮೇಲೆ ಮ.ಸಾ.ಅ. ತಾನಾಗಿ ಬರುತ್ತದೆ, ಅಲ್ವಾ? ಒಂದೇ ನೋಡ್‌ನಲ್ಲಿ ಸೇರುವ 6 ಮತ್ತು 10 ಉದ್ದದ ಎರಡೇ ಸುತ್ತುಗಳಿದ್ದರೆ ಜಿ 2. ಟಿ 15 ಆದರೆ ಎಲ್ಲ ಶೇಷವೂ ಸಿಗುತ್ತದೆ. ಟಿ 8 ಆದರೆ ಬೆಸ ಶೇಷ ಸಿಗುವುದೇ ಇಲ್ಲ.

ಪ್ರಶ್ನೆಗಳು ಜಾಸ್ತಿ ಇದ್ದು, ಪ್ರತಿ ಸಲ ಟಿ ಬದಲಾಗುತ್ತಿದ್ದರೆ ನನ್ನ ಓಟು ಇದಕ್ಕೇ. ದಾರಿಯನ್ನೇ ಮುದ್ರಿಸಬೇಕಿದ್ದರೆ ಬಿಎಫ್‌ಎಸ್‌ಗೆ ಮರಳಿ.