ಸಿಸೆರೊ: ಮೊದಲು ಭಾಷಣವೋ, ಪತ್ರವೋ?

ಪ್ರಾಚೀನ ರೋಮಿನ ವಾಗ್ಮಿ, ರಾಜಕಾರಣಿ ಸಿಸೆರೊನನ್ನು ಓದಬೇಕು, ಆದರೆ ಎಲ್ಲಿಂದ ಶುರು ಮಾಡೋದು? ಉಳಿದಿರುವ ಭಾಷಣಗಳೇ 50ಕ್ಕೂ ಹೆಚ್ಚು.

ಭಾಷಣಗಳಲ್ಲಿ ಗುಡುಗು ಸಿಡಿಲು ಎಲ್ಲ ಇದೆ. ಕ್ರಿ.ಪೂ. 63ರಲ್ಲಿ ದಂಗೆಗೆ ಸಂಚು ಹೂಡಿದ ಕ್ಯಾಟಿಲಿನಾ ವಿರುದ್ಧ ಮಾಡಿದ ನಾಲ್ಕು ಭಾಷಣಗಳು ಚಿಕ್ಕವು, ಬೇಗ ಮುಗಿಯುತ್ತವೆ. ಆದರೆ ಇವು ಅಂದು ಆಡಿದ ಮಾತುಗಳೇ ಅಂದುಕೊಳ್ಳಬೇಡಿ, ಆಮೇಲೆ ತಿದ್ದಿ ಬರೆದವು. ಕ್ರಿ.ಪೂ. 70ರಲ್ಲಿ ಸಿಸಿಲಿಯ ಭ್ರಷ್ಟ ಮಾಜಿ ಗವರ್ನರ್ ವೆರೆಸ್ ವಿರುದ್ಧ ಸಿಸೆರೊ ವಾದಿಸಿದ ಮೊಕದ್ದಮೆಯನ್ನೇ ನೋಡಿ. ವಿಚಾರಣೆ ಮುಗಿಯುವ ಮೊದಲೇ ಆರೋಪಿ ಊರು ಬಿಟ್ಟ. ಐದು ಭಾಗಗಳ ದೊಡ್ಡ ಭಾಷಣವನ್ನು ಕೋರ್ಟಿನಲ್ಲಿ ಯಾರೂ ಕೇಳಲೇ ಇಲ್ಲ, ಬರೀ ಬರಹವಾಗಿ ಹೊರಬಂತು!

ಪತ್ರಗಳಿಗೆ ಈ ಮೇಕಪ್ ಇಲ್ಲ. ಗೆಳೆಯ ಅಟ್ಟಿಕಸ್‌ಗೆ ಬರೆದವೇ 16 ಸಂಪುಟ. ಭಯ, ಸಾಲ, ಜಂಬ, ಮಗಳು ಟುಲ್ಲಿಯಾ ತೀರಿಕೊಂಡ ಸಂಕಟ, ಎಲ್ಲ ಬಿಚ್ಚಿಟ್ಟಿದ್ದಾನೆ. 1345ರಲ್ಲಿ ಇಟಲಿಯ ವೆರೋನಾದಲ್ಲಿ ಇವು ಸಿಕ್ಕಾಗ ಕವಿ ಪೆಟ್ರಾರ್ಕ್‌ಗೆ ಬೇಸರವೇ ಆಯಿತು. ತಾನು ಆರಾಧಿಸಿದ ಮನುಷ್ಯ ಇಷ್ಟು ಚಂಚಲನಾ ಅಂತ! ನನಗಂತೂ ಅದೇ ಇಷ್ಟ. ತೊಂದರೆ ಒಂದೇ: ಹೆಸರುಗಳು ಜಾಸ್ತಿ, ಟಿಪ್ಪಣಿ ಇಲ್ಲದೆ ಅರ್ಥವಾಗೋದು ಕಷ್ಟ.

ತತ್ವದ ಕಡೆ ಒಲವಿದ್ದರೆ ಮುಪ್ಪಿನ ಬಗ್ಗೆ ಬರೆದ ಪುಟ್ಟ ಪುಸ್ತಕ ಸಾಕು. ಇಲ್ಲವಾದರೆ ಮೊದಲು ಕ್ಯಾಟಿಲಿನಾ ಭಾಷಣ, ಆಮೇಲೆ ನೇರವಾಗಿ ಪತ್ರಗಳಿಗೆ ಬನ್ನಿ.