ಗಿಟಾರಿಗೆ ‘ನೈಟ್ರೋ ಲ್ಯಾಕರ್’ ಹೊಡೆಸುವ ಮೊದಲು ಇದನ್ನು ಓದಿ

ಕಾಸರಗೋಡು, ಕುಂಬಳೆ, ಉಪ್ಪಳ ಕಡೆ ಎಲೆಕ್ಟ್ರಿಕ್ ಗಿಟಾರ್ ನುಡಿಸುವವರು ದಯವಿಟ್ಟು ಓದಿ. "ನೈಟ್ರೋ ಲ್ಯಾಕರ್ ಹೊಡೆದು ಕೊಡ್ತೇನೆ, ಲೈಫ್ ಲಾಂಗ್ ಏನೂ ಆಗುದಿಲ್ಲ" ಅನ್ನುವವರನ್ನು ನಂಬಬೇಡಿ. ನೈಟ್ರೋ ಅಂದರೆ ನೈಟ್ರೋಸೆಲ್ಯುಲೋಸ್, ಗಿಟಾರಿಗೆ ಹೊಡೆಯುವ ಒಂದು ಹಳೇ ಬಗೆಯ ಹೊಳಪಿನ ಲೇಪ. ನನ್ನ 14,000 ರೂಪಾಯಿ ಹೋಯಿತು. ಗಿಟಾರೂ ಹಾಳಾಯಿತು.

ಮಳೆಗಾಲದಲ್ಲಿ ನಮ್ಮಲ್ಲಿ ಗಾನಮೇಳ ಇರುವುದಿಲ್ಲ ಅಲ್ವಾ. ರಿಪೇರಿ, ಪೈಂಟು ಎಲ್ಲ ಆಗಲೇ ಕೊಡುವುದು. ನಾನೂ ಆಟಿ ತಿಂಗಳಲ್ಲಿ ಗಿಟಾರನ್ನು ಒಬ್ಬ ಪೈಂಟಿನವನಿಗೆ ಕೊಟ್ಟೆ. ಫ್ಯಾಕ್ಟರಿಯ ದಪ್ಪ ಪಾಲಿ ಫಿನಿಶ್ (ಪಾಲಿಯೆಸ್ಟರಿನಂಥ ಪ್ಲಾಸ್ಟಿಕ್ ಲೇಪ) ಇತ್ತು, ಅಂಚಲ್ಲಿ ಚಕ್ಕೆ ಎದ್ದಿತ್ತು, ಅಷ್ಟೇ. "ಹಳೇದೆಲ್ಲ ಮರದವರೆಗೆ ಕೆರೆದು ತೆಗೀತೇನೆ ಸಾರ್. ಅಮೆರಿಕದ 50ರ ದಶಕದ ಫಿನಿಶ್ ಇದು, ಪಾಲಿಗಿಂತ ಡಬಲ್ ಗಟ್ಟಿ" ಅಂದ.

ಡಬಲ್ ಗಟ್ಟಿ! ಹಸಿ ಸುಳ್ಳು. ಆ ಕಾಲದಲ್ಲಿ ಫೆಂಡರ್, ಗಿಬ್ಸನ್ ಕಂಪೆನಿಗಳ ಗಿಟಾರಿಗೆ ನೈಟ್ರೋ ಹೊಡೆಯುತ್ತಿದ್ದದ್ದು ನಿಜ. ಆಗ ಕಾರಿಗೆ ಹೊಡೆಯುತ್ತಿದ್ದ ಲ್ಯಾಕರ್ ಅದು, ಬೇಗ ಒಣಗುತ್ತಿತ್ತು. 60ರ ದಶಕದ ಕೊನೆಗೆ ಫೆಂಡರಿನವರೇ ಪಾಲಿಯೆಸ್ಟರಿಗೆ ಹೋದರು. ಪಾಲಿಗೆ ಹಾರ್ಡನರ್ ಬೆರೆಸುತ್ತಾರೆ, ಒಮ್ಮೆ ಗಟ್ಟಿಯಾದರೆ ಮುಗಿಯಿತು. ನೈಟ್ರೋ ಹಾಗಲ್ಲ. ತಿನ್ನರ್ ಆರಿಹೋಗಿ ಉಳಿದ ತೆಳು ಪದರ ಮಾತ್ರ. ವರ್ಷಗಳ ನಂತರವೂ ತಿನ್ನರ್ ತಾಗಿದರೆ ಕರಗುತ್ತದೆ. ಬಿಸಿಲಿಗೆ ಹಳದಿಯಾಗುತ್ತದೆ, ಥಟ್ಟನೆ ಚಳಿ ತಾಗಿದರೆ ಕೂದಲೆಳೆಯಂಥ ಬಿರುಕು ಬರುತ್ತದೆ.

ಗಿಟಾರ್ ಕೈಗೆ ಬಂದಾಗ ಬಾಡಿಯ ಮೇಲೆ ಬಿಳಿ ಮಂಜಿನ ಹಾಗೆ ಕಾಣುತ್ತಿತ್ತು. ಕೇಳಿದೆ. "ಅದು ನೈಟ್ರೋದ ಗುಣ ಸಾರ್, ಒಂದು ತಿಂಗಳಲ್ಲಿ ಹೋಗ್ತದೆ" ಅಂದ. ಹೋಗಲಿಲ್ಲ. ಗಾಳಿಯಲ್ಲಿ ಅಷ್ಟು ತೇವ ಇರುವಾಗ ಲ್ಯಾಕರ್ ಹೊಡೆದರೆ ನೀರಿನಂಶ ಒಳಗೇ ಸಿಕ್ಕಿಕೊಂಡು ಬಿಳುಚುತ್ತದೆ. ಆಟಿಯ ಮಳೆಯಲ್ಲಿ, ಶೀಟು ಹಾಕಿದ ಶೆಡ್ಡಿನಲ್ಲಿ ಹೊಡೆದಿದ್ದಾನೆ! ಪೈಂಟಿನ ಕೆಲಸ ಮಾಡುವವನಿಗೆ ಇದು ಗೊತ್ತಿಲ್ಲವಾ?

ಚೌತಿ ಕಾರ್ಯಕ್ರಮದಲ್ಲಿ ಮಾನ ಹೋಯಿತು. ಮೂರನೇ ಹಾಡಿಗೆ ಬೆವರಿದ ಮುಂಗೈ ಬಾಡಿಗೆ ಅಂಟತೊಡಗಿತು. ಎತ್ತಿದರೆ ಶರ್ಟಿನ ನೂಲಿನ ಅಚ್ಚು ಲ್ಯಾಕರಿನಲ್ಲಿ ಮೂಡಿದೆ. ಕೀಬೋರ್ಡಿನವರು ಬಗ್ಗಿ ನೋಡಿ "ಎಂತ ಮಾರಾಯಾ ಇದು, ಒಣಗಲೇ ಇಲ್ವಾ?" ಅಂದರು. ಎಲ್ಲರ ಎದುರು. ಆ ರಾತ್ರಿ ಸ್ಟ್ಯಾಂಡಿನಲ್ಲಿ ಇಟ್ಟದ್ದು, ಬೆಳಿಗ್ಗೆ ರಬ್ಬರ್ ತಾಗಿದ ಜಾಗ ಕರಗಿ ಕಪ್ಪು ಗೆರೆ.

ಫೋನ್ ಮಾಡಿದೆ. ಮೊದಲು "ರಬ್ಬರ್ ಸ್ಟ್ಯಾಂಡಲ್ಲಿ ಇಡಬೇಡಿ ಅಂತ ಹೇಳಿದ್ದೆ" ಅಂದ. ಹೇಳಿಲ್ಲ, ಖಂಡಿತ ಹೇಳಿಲ್ಲ. ಆಮೇಲೆ "ವಿಂಟೇಜ್ ಲುಕ್ ಸಾರ್, ಜನ ಇದಕ್ಕೆ ದುಡ್ಡು ಕೊಡ್ತಾರೆ" ಅಂದ. ನಾನು ಜೋರು ಮಾಡಿದ ಮೇಲೆ ಬಂದ ಮಾತು ಇದು: "ನಿಮ್ಮ ಬೆವರಲ್ಲಿ ಆಸಿಡ್ ಜಾಸ್ತಿ ಇರ್ಬೇಕು." ನನ್ನ ಬೆವರು! ಅದೇ ಬೆವರು ಹಳೇ ಫಿನಿಶ್ಶಿಗೆ ಇಷ್ಟು ವರ್ಷ ಏನೂ ಮಾಡಿರಲಿಲ್ಲ.

ಸಿಟ್ಟಿನಲ್ಲಿ ನೆಕ್ ಬಿಚ್ಚಿದೆ. ನೆಕ್ ಕೂರುವ ಗುಂಡಿಯ ಅಂಚಿನಲ್ಲಿ ಉಗುರು ಹಾಕಿದ್ದೇ ತಡ, ಹೊಸ ಲ್ಯಾಕರ್ ಸಿಪ್ಪೆಯ ಹಾಗೆ ಎದ್ದು ಬಂತು. ಕೆಳಗೆ ಅದೇ ಹಳೇ ಪಾಲಿ, ಫಳಫಳ ಹೊಳೆಯುತ್ತಿದೆ. ಸ್ಯಾಂಡ್‌ಪೇಪರ್ ತಾಗಿದ ಗುರುತೂ ಇಲ್ಲ. ಕೆರೆದದ್ದಕ್ಕೆ ಅಂತಲೇ 4,000 ಬೇರೆ ತಗೊಂಡಿದ್ದ! ಆ ಫೋಟೋ ಕಳಿಸಿದೆ. ನೋಡಿದ, ಉತ್ತರ ಇಲ್ಲ. ಮರುದಿನ ನನ್ನ ನಂಬರ್ ಬ್ಲಾಕ್.

ನೈಟ್ರೋ ಬೇಕೇ ಬೇಕು ಅಂತಿದ್ದರೆ ಮಳೆ ಪೂರ್ತಿ ಹೋದ ಮೇಲೆ ಕೊಡಿ. ಕೆರೆದ ಮರದ ಫೋಟೋ ನೋಡದೆ ಒಂದು ರೂಪಾಯಿಯೂ ಕೊಡಬೇಡಿ. ಕಾರ್ಯಕ್ರಮಕ್ಕೆ ಒಯ್ಯುವ ಗಿಟಾರಾದರೆ ಸುಮ್ನೆ ಪಾಲಿಯೇ ಇರಲಿ, ಚಕ್ಕೆ ಎದ್ದರೂ ಪರವಾಗಿಲ್ಲ. ಅವನು ಈಗಲೂ ಗಿಟಾರ್ ತಗೊಳ್ತಿದ್ದಾನೆ ಅಂತ ಗೊತ್ತಾಯಿತು. ಮಂಗಳೂರು ಕಡೆ ಯಾರಿಗಾದರೂ ಕೊಡುವ ಯೋಚನೆ ಇದ್ದರೆ ಮೊದಲು ನನಗೆ ಮೆಸೇಜ್ ಮಾಡಿ, ಫೋಟೋ ಎಲ್ಲ ಕಳಿಸುತ್ತೇನೆ.